ಗಾಳಿ ಬಂದಾಗೆಲ್ಲ ತೂರಿಕೊಳ್ಳೋ ಆಟವಲ್ಲ ಇದು

ಆಷಾಢ ಬಂತೆಂದರೆ ನಮ್ಮ ಅಮೃತಾಪುರದ ಕಡೆ ತೆಂಗಿನ ಗರಿಗಳಿಗೆ ಬಿಡುವೇ ಇರುವುದಿಲ್ಲ. ಅಮೃತೇಶ್ವರ ದೇವಸ್ಥಾನ ನೋಡಲು ಬಂದವರ ಟೋಪಿ, ದುಪಟ್ಟಾ ಹಾರಿಸುವ ಗಾಳಿಯೇ ಮಕ್ಕಳ ಗಾಳಿಪಟಕ್ಕೂ ಬೇಕು. ಸೂತ್ರ ಕಟ್ಟಿ, ಬಾಲಂಗೋಚಿ ಅಂಟಿಸಿ ದಾರ ಬಿಟ್ಟರೆ ಪಟ ಹೇಗೆ ಕೈ ಎಳೆಯುತ್ತದೆಂದು ಎಲ್ಲರಿಗೂ ಗೊತ್ತು. ಆ ಎಳೆತವನ್ನೇ ಹಲವು ಪಟ್ಟು ಹೆಚ್ಚಿಸಿ, ಸೊಂಟಕ್ಕೆ ಪಟ್ಟಿ ಬಿಗಿದು ಅದಕ್ಕೆ ಸಿಕ್ಕಿಸಿಕೊಂಡು, ಕಾಲಡಿಗೆ ಒಂದು ಹಲಗೆ ಇಟ್ಟು ನೀರಿನ ಮೇಲೆ ಜಾರಿದರೆ ಅದೇ ಕೈಟ್‌ಬೋರ್ಡಿಂಗ್.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿ ಪದಕ ಸಿಕ್ಕಿತು. ಮಾರ್ಸೇಲ್ ಸಮುದ್ರದಲ್ಲಿ ನಡೆದ ಸ್ಪರ್ಧೆಯಲ್ಲಿ ಪುರುಷರ ಚಿನ್ನ ಆಸ್ಟ್ರಿಯಾದ ವ್ಯಾಲೆಂಟಿನ್ ಬೋಂಟುಸ್‌ಗೆ, ಮಹಿಳೆಯರ ಚಿನ್ನ ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್‌ಗೆ. ಕಂಚು ಗೆದ್ದ ಸಿಂಗಪುರದ ಮ್ಯಾಕ್ಸ್ ಮೇಡರ್‌ಗೆ ಆಗ ಬರೀ 17 ವರ್ಷ! ಇಂಥ ವಿಡಿಯೊಗಳು ಈಗ ಹಳ್ಳಿಯ ಹುಡುಗ ಹುಡುಗಿಯರ ಮೊಬೈಲ್‌ಗೂ ಬರುತ್ತವೆ. "ನಾನೂ ಕಲೀಬೇಕು, ರೇಸಿಗೆ ಹೋಗ್ಬೇಕು" ಅಂತ ಮಕ್ಕಳು ಕೇಳಿದರೆ ಅಪ್ಪ ಅಮ್ಮ ಏನು ಹೇಳಬೇಕು? ಅದಕ್ಕೆ ಮುಂಚೆ ಈ ಆಟ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳೋಣ.

ದಡದಗುಂಟ ದೂರದ ಓಟ

ಒಲಿಂಪಿಕ್ಸ್‌ನಲ್ಲಿ ಕಂಡಿದ್ದು ಗುರುತಿನ ಬುರುಡೆಗಳನ್ನು ಸುತ್ತಿ ಬರುವ ಚಿಕ್ಕ ಓಟ. ಇನ್ನೊಂದು ಬಗೆಯಲ್ಲಿ ತೆರೆದ ಸಮುದ್ರದಲ್ಲಿ ಅಥವಾ ಕರಾವಳಿಯ ಉದ್ದಕ್ಕೂ ಹತ್ತಾರು ಕಿಲೋಮೀಟರ್ ಹೋಗುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ರಾಟ್ನೆಸ್ಟ್ ದ್ವೀಪದಿಂದ ಲೇಟನ್ ಕಡಲತೀರಕ್ಕೆ ನಡೆಯುವ ಸ್ಪರ್ಧೆ ಸುಮಾರು 19 ಕಿ.ಮೀ. ಅಲ್ಲಿ ಮಧ್ಯಾಹ್ನ ತಪ್ಪದೇ ಬೀಸುವ ಕಡಲಗಾಳಿಗೆ ಜನ 'ಡಾಕ್ಟರ್' ಅಂತಲೇ ಹೆಸರಿಟ್ಟಿದ್ದಾರೆ, ಸೆಖೆ ವಾಸಿ ಮಾಡುತ್ತದೆ ಅಂತ! ಈಶಾನ್ಯ ಬ್ರೆಜಿಲ್‌ನಲ್ಲಿ ವರ್ಷದ ಉತ್ತರಾರ್ಧದಲ್ಲಿ ಗಾಳಿ ದಡದಗುಂಟ ಒಂದೇ ಸಮ ಬೀಸುವುದರಿಂದ ಅಲ್ಲಿ ದಿನಗಟ್ಟಲೆ ಸಾಗಬಹುದು. ನ್ಯೂಜಿಲೆಂಡಿನ ಲೂಯಿಸ್ ಟ್ಯಾಪರ್ 2010ರಲ್ಲಿ ಆ ತೀರದಲ್ಲಿ 2,000 ಕಿ.ಮೀ.ಗೂ ಹೆಚ್ಚು ದೂರ ಹೀಗೇ ಹೋದರು. ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲುಫಿನ್ಯಾ 2015ರಲ್ಲಿ ಲಿಸ್ಬನ್‌ನಿಂದ ಮಡೈರಾ ದ್ವೀಪಕ್ಕೆ 874 ಕಿ.ಮೀ. ಸಾಗಿದ್ದು ಸುಮಾರು ಎರಡು ದಿನದಲ್ಲಿ. ಇವೆರಡೂ ಸ್ಪರ್ಧೆಗಳಲ್ಲ, ಸಾಹಸಗಳು. ಆದರೆ ಗಾಳಿ ಒಂದೇ ಸಮ ಇದ್ದರೆ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬುದಕ್ಕೆ ಸಾಕ್ಷಿ.

ಮೂರು ಗಾಳಿ, ಮೂರು ಗುಣ

ಸಮುದ್ರದಿಂದ ನೇರ ದಡಕ್ಕೆ ಬೀಸುವ ಗಾಳಿ ನಿಮ್ಮನ್ನು ದಡಕ್ಕೇ ಒತ್ತುತ್ತದೆ. ಹೊಸಬರನ್ನು ಬಂಡೆಗೋ ಮರಕ್ಕೋ ಕೊಂಡೊಯ್ದು ಬಡಿಯಬಹುದು. ದಡದಿಂದ ಸಮುದ್ರಕ್ಕೆ ಬೀಸುವ ಗಾಳಿ ಇನ್ನೂ ಮೋಸದ್ದು. ಮರ, ಮನೆಗಳ ಮರೆಯಲ್ಲಿ ನಿಂತವರಿಗೆ ಅದು ತಣ್ಣಗೆ, ಮೆಲ್ಲಗೆ ಇರುತ್ತದೆ, ನೀರೂ ಸಪಾಟಾಗಿ ಕಾಣುತ್ತದೆ. ಸ್ವಲ್ಪ ಮುಂದೆ ಹೋದಮೇಲೆ ಜೋರಾಗುತ್ತದೆ. ಅಲ್ಲಿ ಪಟ ಕೆಟ್ಟರೆ ತೇಲಿ ಹೋಗುವುದು ನಡುಸಮುದ್ರಕ್ಕೆ. ದಡದಗುಂಟ, ಸ್ವಲ್ಪ ದಡದ ಕಡೆಗೇ ವಾಲಿ ಬೀಸುವ ಗಾಳಿ ಮಾತ್ರ ಒಳ್ಳೆಯದು. ಏನೇ ಎಡವಟ್ಟಾದರೂ ಅದು ನಿಧಾನಕ್ಕೆ ದಡ ಮುಟ್ಟಿಸುತ್ತದೆ. ಕರಾವಳಿ ಓಟಕ್ಕೆ ಬೇಕಾದ್ದು ಇದೇ.

ವೇಗದ ಲೆಕ್ಕವೂ ಮುಖ್ಯ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಗಾಳಿ ಜೋರಾದ ದಿನ ಚಿಕ್ಕ ಪಟ, ಮೆಲ್ಲಗಿರುವ ದಿನ ದೊಡ್ಡ ಪಟ.

ನಮ್ಮ ಕರಾವಳಿಯಲ್ಲಿ ಯಾಕಿಲ್ಲ?

"ಅಲ್ರೀ, ನಮ್ಗೂ ಸಮುದ್ರ ಇದೆ, ಆಷಾಢದ ಗಾಳಿನೂ ಇದೆ. ಘಟ್ಟ ಇಳಿದ್ರೆ ಆಯ್ತಲ್ಲ?" ಅಂತ ಕೇಳಬಹುದು. ಗಾಳಿ ಇದೆ ನಿಜ, ಆದರೆ ಮುಂಗಾರಿನ ಗಾಳಿ ಸಮುದ್ರದಿಂದ ದಡಕ್ಕೆ ನುಗ್ಗುವಂಥದ್ದು. ಜೊತೆಗೆ ಆಳೆತ್ತರದ ಅಲೆ, ಮಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ. ಮೀನಿನ ಸಂತಾನ ಬೆಳೆಯಲಿ ಅಂತ ಮಾಡಿದ ನಿಯಮ ಅದು. ಆದರೆ ಆ ಕಾಲದ ಕಡಲು ಎಂಥದ್ದೆಂದು ಮೊಗವೀರರನ್ನೇ ಕೇಳಿ ನೋಡಿ. ಮುಲ್ಕಿಯ ಮಂತ್ರ ಸರ್ಫ್ ಕ್ಲಬ್, ಸಸಿಹಿತ್ಲು ತೀರದ ಸ್ಪರ್ಧೆಗಳಿಂದ ನಮ್ಮ ಕರಾವಳಿ ಹೆಸರಾಗಿರುವುದು ಸರ್ಫಿಂಗ್‌ಗೆ. ಅದು ಅಲೆಯ ಆಟ, ಇದು ಗಾಳಿಯ ಆಟ.

ಹಾಗಾದರೆ ತರೀಕೆರೆಗೆ ಹತ್ತಿರದ ಭದ್ರಾ ಜಲಾಶಯ? ಸುತ್ತ ಗುಡ್ಡ ಇರುವ ಕಡೆ ಗಾಳಿ ಮುರಿದು ಮುರಿದು ಬರುತ್ತದೆ, ಒಮ್ಮೆ ರಭಸ, ಒಮ್ಮೆ ಸ್ತಬ್ಧ. ಕಲಿಯುವವರಿಗೆ ಅದು ಸಲ್ಲ.

ಆದ್ದರಿಂದ ಕಲಿಯುವವರು ರಾಮೇಶ್ವರ, ತೂತುಕುಡಿ, ಗೋವಾ ಕಡೆ ಹೋಗುತ್ತಾರೆ. ರಾಮೇಶ್ವರದಲ್ಲಿ ಒಂದು ಕಡೆ ಪಾಕ್ ಕೊಲ್ಲಿ, ಇನ್ನೊಂದು ಕಡೆ ಮನ್ನಾರ್ ಖಾರಿ. ಬೇಸಿಗೆಯಿಂದ ಮುಂಗಾರಿನವರೆಗೆ ನೈಋತ್ಯದ ಗಾಳಿ, ಚಳಿಗಾಲದಲ್ಲಿ ಈಶಾನ್ಯದ ಗಾಳಿ. ದಿಕ್ಕು ನೋಡಿ ದಡ ಆರಿಸಿಕೊಳ್ಳಬಹುದು. ಎದೆಮಟ್ಟದ ನೀರಿರುವ ಜಾಗಗಳೂ ಇವೆ.

ಓಟದ ದಿನ

ಹೆಲ್ಮೆಟ್, ತೇಲುವ ಜಾಕೆಟ್, ಸೀಟಿ, ದಾರ ಕತ್ತರಿಸುವ ಕೊಕ್ಕೆಚಾಕು, ಬೆನ್ನಿಗೆ ಕುಡಿಯುವ ನೀರು – ದೂರದ ಓಟಕ್ಕೆ ಹೊರಟವರ ಬಳಿ ಇವಿಷ್ಟು ಇರಲೇಬೇಕು. ಯಾರು ಎಲ್ಲಿದ್ದಾರೆಂದು ತೋರಿಸುವ ಜಿಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಪಟದ ದಾರಗಳೇ 20 ಮೀಟರ್‌ಗಿಂತ ಉದ್ದ. ಹತ್ತಾರು ಜನ ಒಟ್ಟಿಗೆ ಹೊರಟಾಗ ಒಬ್ಬರ ದಾರ ಇನ್ನೊಬ್ಬರದಕ್ಕೆ ಸಿಕ್ಕಿಕೊಂಡರೆ ಇಬ್ಬರ ಕಥೆಯೂ ಮುಗಿಯಿತು. ಅದಕ್ಕೇ ದಾಟುವಾಗ ಗಾಳಿ ಬರುವ ದಿಕ್ಕಿನಲ್ಲಿರುವವರು ಪಟ ಮೇಲೆತ್ತಬೇಕು, ಇನ್ನೊಬ್ಬರು ತಗ್ಗಿಸಬೇಕು.

ಮೊದಲ ಕಿಲೋಮೀಟರ್‌ಗಳಲ್ಲಿ ಹುರುಪು, ಆಮೇಲೆ ತೊಡೆ ಉರಿ. ಕಣ್ಣಿಗೆ ಉಪ್ಪುನೀರು, ನೆತ್ತಿಗೆ ಬಿಸಿಲು. ಆದರೂ ಎಲ್ಲಕ್ಕಿಂತ ಭಯ ಗಾಳಿ ನಿಂತುಹೋಗುವುದು. ಪಟ ನೀರಿಗೆ ಬಿದ್ದರೆ ಮತ್ತೆ ಏಳುವುದಿಲ್ಲ. ಆಗ ದಾರ ಸುತ್ತಿಕೊಂಡು, ಗಾಳಿ ತುಂಬಿದ ಪಟವನ್ನೇ ತೆಪ್ಪ ಮಾಡಿಕೊಂಡು ದಡಕ್ಕೆ ಬರಬೇಕು, ಇಲ್ಲವೇ ದೋಣಿಗೆ ಕಾಯಬೇಕು. ಈ ಪಾಠ ಬಾರದವರು ಓಟಕ್ಕೆ ಹೋಗಲೇಬಾರದು.

ಕಳಿಸೋದಾ, ಬೇಡ್ವಾ?

ಮಕ್ಕಳು ಕೇಳಿದ ಕೂಡಲೇ "ಬೇಡ" ಅನ್ನಬೇಕಿಲ್ಲ. ಒಂದಿಷ್ಟು ಪ್ರಶ್ನೆ ಕೇಳಿ. ಈಜು ಚೆನ್ನಾಗಿ ಬರುತ್ತದೆಯೇ? ಕಲಿಸುವವರಿಗೆ ಮಾನ್ಯತೆ ಇದೆಯೇ? ಎಳೆತ ಕೈಮೀರಿದಾಗ ಪಟದ ಬಲ ಒಮ್ಮೆಲೇ ಕಳಚುವ ಬಿಡುಗಡೆ ಗುಂಡಿಯನ್ನು ಕಣ್ಣು ಮುಚ್ಚಿಯೂ ಒತ್ತುವಷ್ಟು ಅಭ್ಯಾಸ ಆಗಿದೆಯೇ? ಓಟದಲ್ಲಿ ರಕ್ಷಣಾ ದೋಣಿಗಳು ಎಷ್ಟಿವೆ? ಗಾಳಿ ಕೆಟ್ಟರೆ ಓಟ ನಿಲ್ಲಿಸುವ ಅಧಿಕಾರ ಯಾರಿಗಿದೆ? ಉಪಕರಣ ದುಬಾರಿ, ಮೊದಲು ಬಾಡಿಗೆಯದ್ದರಲ್ಲೇ ಕಲಿಯುವುದು ಜಾಣತನ.

ಕೊನೆಯ ಪ್ರಶ್ನೆ ಮಕ್ಕಳಿಗೇ ಕೇಳುವಂಥದ್ದು: "ಬೇರೆಯವರೆಲ್ಲ ಮುಂದೆ ಹೋಗ್ತಿದ್ರೂ, ಗಾಳಿ ಸರಿ ಇಲ್ಲ ಅನ್ನಿಸಿದ್ರೆ ನೀನು ಅರ್ಧಕ್ಕೇ ದಡಕ್ಕೆ ಬರ್ತೀಯಾ?" ನಾಲ್ಕು ಜನರ ಮುಂದೆ ಹಾಗೆ ತಿರುಗಿ ಬರುವುದಕ್ಕೆ ಗೆಲ್ಲುವುದಕ್ಕಿಂತ ಹೆಚ್ಚು ಗಟ್ಟಿ ಮನಸ್ಸು ಬೇಕು. ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹಿರಿಯರು ಹೇಳಿದ್ದು ಕಣದಲ್ಲಿ ನಿಂತವರಿಗೆ. ಕಡಲಿಗೆ ಇಳಿಯುವವರು ಯಾವ ಗಾಳಿಗೆ ಸುಮ್ಮನೆ ದಡದಲ್ಲಿ ಕೂತಿರಬೇಕು ಅನ್ನುವುದನ್ನೂ ಕಲಿಯಬೇಕು. ಅದನ್ನು ಕಲಿತ ಮಗುವನ್ನು ಧೈರ್ಯವಾಗಿ ಕಳಿಸಿಕೊಡಿ.