ದುಡಿಮೆಯೂ ಬಲಿಪೀಠದ ಕಾಣಿಕೆಯೇ
(ಮೇ 1: ಕಾರ್ಮಿಕರ ಪಾಲಕ ಸಂತ ಜೋಸೆಫರ ಹಬ್ಬ)



ಲೋಕವು ಕಾರ್ಮಿಕರ ದಿನವೆಂದು ಆಚರಿಸುವ ಮೇ 1ರಂದೇ ಧರ್ಮಸಭೆ ಸಂತ ಜೋಸೆಫರನ್ನು ಶ್ರಮಜೀವಿಯಾಗಿ ಸ್ಮರಿಸುತ್ತದೆ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಯಸ್‌ರವರು ಈ ಹಬ್ಬವನ್ನು ಸ್ಥಾಪಿಸಿದರು.

ಶುಭಸಂದೇಶಗಳಲ್ಲಿ ಜೋಸೆಫರ ಒಂದು ಮಾತೂ ದಾಖಲಾಗಿಲ್ಲ. ನಮಗೆ ತಿಳಿದಿರುವುದು ಅವರ ವಿಧೇಯತೆ ಮತ್ತು ಅವರ ಕಸುಬು. ಊರಿನವರು ಯೇಸುವನ್ನು ಬಡಗಿಯ ಮಗನೆಂದರು (ಮತ್ತಾಯ 13:55), ಬಡಗಿಯೆಂದೂ ಕರೆದರು (ಮಾರ್ಕ 6:3). ಅವರು ಹಗುರವಾಗಿ ಆಡಿದ ಆ ಮಾತು ನಮಗೆ ಗೌರವದ ಮಾತು. ದೇವಪುತ್ರರು ಬೋಧಿಸುವ ಮೊದಲು ಕೈಯಾರೆ ದುಡಿದರು.

ಬಲಿಪೂಜೆಯಲ್ಲಿ ಗುರುಗಳು ರೊಟ್ಟಿಯನ್ನು ಅರ್ಪಿಸುವಾಗ ಅದು ಭೂಮಿಯ ಕೊಡುಗೆಯಷ್ಟೇ ಅಲ್ಲ, ಮನುಷ್ಯರ ದುಡಿಮೆಯೂ ಹೌದೆಂದು ದೇವರಿಗೆ ಒಪ್ಪಿಸುತ್ತಾರೆ. ಉತ್ತವರ, ಕೊಯ್ದವರ, ಹಿಟ್ಟು ಬೀಸಿದವರ ಬೆವರು ಆ ತಟ್ಟೆಯಲ್ಲಿದೆ. ಹೀಗಿರುವಾಗ ಭಾನುವಾರ ಕೈಮುಗಿದು ನಿಂತ ನಾವು ಸೋಮವಾರ ತೂಕದಲ್ಲಿ ಮೋಸ ಮಾಡಿದರೆ, ಮನೆಗೆಲಸದಾಕೆಯ ಸಂಬಳ ತಡೆದರೆ, ಕಚೇರಿಗೆ ಬಂದ ಬಡವರನ್ನು 'ನಾಳೆ ಬನ್ನಿ' ಎಂದು ಅಲೆಸಿದರೆ, ನಾವು ಅರ್ಪಿಸಿದ್ದಾದರೂ ಏನು? ಕೊಡದೆ ಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಯಕೋಬರು ಎಚ್ಚರಿಸುತ್ತಾರೆ (5:4). ವಿಶ್ವಾಸಕ್ಕೂ ದಿನನಿತ್ಯದ ಬಾಳಿಗೂ ನಡುವಿನ ಈ ಬಿರುಕನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ನಮ್ಮ ಕಾಲದ ಗಂಭೀರ ತಪ್ಪುಗಳಲ್ಲಿ ಒಂದೆಂದು ಎಣಿಸಿತು.

ಆದ್ದರಿಂದ ಶಿಲುಬೆಯ ಗುರುತಿನೊಂದಿಗೆ ಕೆಲಸ ಆರಂಭಿಸೋಣ. ಯಾರೂ ನೋಡದಿದ್ದರೂ ಅಚ್ಚುಕಟ್ಟಾಗಿ ಮಾಡೋಣ. ದುಡಿದವರಿಗೆ ಸಲ್ಲಬೇಕಾದ್ದನ್ನು ಹೊತ್ತು ಮುಳುಗುವ ಮೊದಲೇ ಸಲ್ಲಿಸೋಣ (ಧರ್ಮೋಪದೇಶಕಾಂಡ 24:15). ಆಗ ನಮ್ಮ ಅಂಗಡಿ, ಹೊಲ, ಅಡುಗೆಮನೆಗಳೂ ನಜರೇತಾಗುವುವು.

ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ.