ಬಸವನಗುಡಿಯಿಂದ ಜಯನಗರಕ್ಕೆ ಲಾಲ್‌ಬಾಗ್ ಮೂಲಕ ಕಾಲ್ನಡಿಗೆ: ಸಾರ್ವಜನಿಕರಿಗೆ ಮಾಹಿತಿ

ಬೆಂಗಳೂರು ನಗರದ ದಕ್ಷಿಣ ಭಾಗದ ಹಳೆಯ ಬಡಾವಣೆಗಳಾದ ಬಸವನಗುಡಿ ಮತ್ತು ಜಯನಗರಗಳ ನಡುವೆ ಲಾಲ್‌ಬಾಗ್ ಸಸ್ಯೋದ್ಯಾನದ ಮೂಲಕ ಕಾಲ್ನಡಿಗೆಯಲ್ಲಿ ಸಾಗಲು ಅವಕಾಶವಿರುತ್ತದೆ. ದೊಡ್ಡ ಬಸವನ ಗುಡಿಯಿಂದ ಹೊರಟು ಅಶೋಕ ಸ್ತಂಭವನ್ನು ತಲುಪುವ ಈ ದಾರಿಯ ಉದ್ದ ಸುಮಾರು 4 ಕಿಲೋಮೀಟರ್. ಸಾಧಾರಣ ನಡಿಗೆಗೆ ಒಂದೂಕಾಲು ಗಂಟೆ ಸಾಕಾಗುತ್ತದೆ. ಹಿರಿಯ ನಾಗರಿಕರು ಎರಡು ಗಂಟೆ ಇಟ್ಟುಕೊಳ್ಳುವುದು ಸೂಕ್ತ.

ಈ ನಡಿಗೆಗೆ ಅರ್ಜಿಯಾಗಲಿ ಪರವಾನಗಿಯಾಗಲಿ ಅಗತ್ಯವಿರುವುದಿಲ್ಲ. ಆದರೆ ಸದರಿ ದಾರಿಯು ಒಂದೇ ಪ್ರಾಧಿಕಾರದ ಅಧೀನದಲ್ಲಿಲ್ಲ. ಬೀದಿ ಮತ್ತು ಕಾಲುದಾರಿ ನಗರ ಪಾಲಿಕೆಯ ವ್ಯಾಪ್ತಿಗೆ, ವಾಹನ ಸಂಚಾರದ ನಿಯಂತ್ರಣ ಸಂಚಾರ ಪೊಲೀಸರ ವ್ಯಾಪ್ತಿಗೆ, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯ ವ್ಯಾಪ್ತಿಗೆ ಸೇರಿವೆ. ಇದನ್ನು ಅರಿಯದೆ ಹೊರಟವರು ಸಂಜೆ ಮುಚ್ಚಿದ ದ್ವಾರದ ಮುಂದೆ ನಿಲ್ಲಬೇಕಾಗುತ್ತದೆ. ಅವರ ದೂರು ತಪ್ಪು ಕಚೇರಿಯನ್ನು ಸೇರಿ ಅಲ್ಲಿಯೇ ಉಳಿಯುವುದೂ ಉಂಟು.

ಬಸವನಗುಡಿ ಭಾಗ

ದೊಡ್ಡ ಬಸವನ ಗುಡಿಯ ಪಕ್ಕದಲ್ಲಿಯೇ ಕಹಳೆ ಬಂಡೆ ಉದ್ಯಾನವಿದೆ. ಹಿಂದೆ ಇಲ್ಲಿನ ಕಾವಲು ಗೋಪುರದಿಂದ ಕಹಳೆ ಊದಿ ಜನರನ್ನು ಎಚ್ಚರಿಸುತ್ತಿದ್ದುದರಿಂದ ಬಂಡೆಗೆ ಈ ಹೆಸರು ಬಂದಿತು. ಉದ್ಯಾನದಿಂದ ಹೊರಬಂದು ಗಾಂಧಿ ಬಜಾರಿನತ್ತ ನಡೆಯಬೇಕು. 1898ರ ಪ್ಲೇಗ್ ಪಿಡುಗಿನ ಆಸುಪಾಸಿನಲ್ಲಿ ರೂಪುಗೊಂಡ ಬಡಾವಣೆಯಾದ್ದರಿಂದ ಇಲ್ಲಿನ ಬೀದಿಗಳು ನೇರವಾಗಿದ್ದು, ಹಳೆಯ ಮರಗಳ ನೆರಳು ಬಹುದೂರ ದೊರೆಯುತ್ತದೆ. ಹಬ್ಬದ ಹಿಂದಿನ ದಿನಗಳಲ್ಲಿ ಹೂವು ಹಣ್ಣುಗಳ ವ್ಯಾಪಾರದಿಂದಾಗಿ ಗಾಂಧಿ ಬಜಾರಿನಲ್ಲಿ ನಡಿಗೆ ನಿಧಾನವಾಗುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯ ಸಮಯದಲ್ಲಿ ಗುಡಿಯ ಮುಂದಿನ ರಸ್ತೆ ಜನರಿಂದ ತುಂಬಿರುತ್ತದೆ. ಪರಿಷೆಯನ್ನು ನೋಡಲು ಅದು ಒಳ್ಳೆಯ ದಿನ. ಜಯನಗರವನ್ನು ಸಕಾಲದಲ್ಲಿ ತಲುಪಲು ಅಲ್ಲ.

ಗಾಂಧಿ ಬಜಾರಿನಿಂದ ಪೂರ್ವಕ್ಕೆ ತಿರುಗಿ, ಕೃಷ್ಣರಾಜೇಂದ್ರ ರಸ್ತೆಯನ್ನು ದಾಟಿ, ಲಾಲ್‌ಬಾಗ್ ಪಶ್ಚಿಮ ದ್ವಾರವನ್ನು ತಲುಪಬಹುದು. ಇಡೀ ದಾರಿಯಲ್ಲಿ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಈ ತುಣುಕಿನಲ್ಲಿಯೇ. ಕೃಷ್ಣರಾಜೇಂದ್ರ ರಸ್ತೆಯಲ್ಲಿಯೂ ದ್ವಾರದ ಮುಂದಿನ ವೃತ್ತದಲ್ಲಿಯೂ ವಾಹನಗಳು ಹಲವು ದಿಕ್ಕುಗಳಿಂದ ತಿರುಗುತ್ತವೆ. ಸಿಗ್ನಲ್ ಇಲ್ಲದ ಪಾದಚಾರಿ ಪಟ್ಟೆಯಲ್ಲಿ ವಾಹನವನ್ನು ನಿಲ್ಲಿಸಿ ಪಾದಚಾರಿಗೆ ದಾರಿ ಕೊಡುವುದು 2017ರ ಮೋಟಾರು ವಾಹನ ಚಾಲನಾ ವಿನಿಯಮಗಳ ಪ್ರಕಾರ ಚಾಲಕನ ಕರ್ತವ್ಯವಾಗಿರುತ್ತದೆ. ಕಾಲುದಾರಿಯ ಮೇಲೆ ವಾಹನ ನಿಲ್ಲಿಸುವುದನ್ನೂ ಅವೇ ವಿನಿಯಮಗಳು ನಿಷೇಧಿಸಿವೆ. ಆದಾಗ್ಯೂ ಕೇವಲ ಈ ಹಕ್ಕನ್ನು ನಂಬಿ ಪಟ್ಟೆಗೆ ಇಳಿಯದೆ, ವಾಹನ ನಿಂತದ್ದನ್ನು ಖಚಿತಪಡಿಸಿಕೊಂಡು ದಾಟಬೇಕೆಂದು ಕೋರಲಾಗಿದೆ. ಮಕ್ಕಳು ಮತ್ತು ವೃದ್ಧರು ಜೊತೆಯಲ್ಲಿದ್ದಾಗ ಸ್ವಲ್ಪ ಸುತ್ತಾದರೂ ಸಿಗ್ನಲ್ ಇರುವ ಕಡೆಯಲ್ಲಿಯೇ ದಾಟುವುದು ಲೇಸು.

ಲಾಲ್‌ಬಾಗ್ ಒಳಗೆ

ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಮುಂದುವರಿಸಿದ ಈ ತೋಟವು ಇಂದು ಸುಮಾರು 240 ಎಕರೆ ವಿಸ್ತಾರವಾಗಿದೆ. ನಡೆಯುವವರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಉದ್ಯಾನದ ಹಾದಿ ಸಾರ್ವಜನಿಕ ರಸ್ತೆಯಲ್ಲ. ಅದಕ್ಕೆ ದ್ವಾರವಿದೆ, ವೇಳೆಯಿದೆ, ಶುಲ್ಕವಿದೆ. ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಪ್ರವೇಶವಿರುತ್ತದೆ. ಶುಲ್ಕದ ದರ ಮತ್ತು ವಿನಾಯಿತಿಯ ವಿವರಗಳನ್ನು ದ್ವಾರದ ಫಲಕದಲ್ಲಿ ನೋಡಿಕೊಳ್ಳಬೇಕು. ಒಂದು ದ್ವಾರದಿಂದ ಒಳಹೊಕ್ಕು ಇನ್ನೊಂದರಿಂದ ಹೊರಬೀಳುವ ಈ ನಡಿಗೆಯಲ್ಲಿ ಸಂಜೆ ಐದೂವರೆಯ ನಂತರ ಒಳಗೆ ಹೋಗದಿರುವುದು ಕ್ಷೇಮ. ಮುಚ್ಚಿದ ದ್ವಾರದಿಂದ ಹಿಂದಿರುಗಿ ಗೋಡೆಯ ಹೊರಗೆ ಸುತ್ತಿ ಬರುವ ದಾರಿ ಬಹಳ ದೂರ.

ಪಶ್ಚಿಮ ದ್ವಾರದಿಂದ ಕೆರೆಯ ಕಡೆಗೆ ಸಾಗಿ, ಅಲ್ಲಿಂದ ದಕ್ಷಿಣ ದ್ವಾರವನ್ನು ಸೇರುವುದು ನೇರವಾದ ದಾರಿ. ಬಿಡುವಿದ್ದವರು 1889ರಲ್ಲಿ ಅಡಿಗಲ್ಲು ಹಾಕಲಾದ ಗಾಜಿನ ಮನೆಯನ್ನೂ, ಕೆಂಪೇಗೌಡ ಗೋಪುರವಿರುವ ಬಂಡೆಯನ್ನೂ ನೋಡಿಕೊಂಡು ಬರಬಹುದು. ಈ ಬಂಡೆ 300 ಕೋಟಿ ವರ್ಷಗಳಷ್ಟು ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಲ್ಲಿನ ಮೇಲೆ ಹೆಸರು ಕೆತ್ತುವುದು ಹಲವರಿಗೆ ಸಣ್ಣ ಸಂಗತಿಯೆನಿಸುತ್ತದೆ, ಆದರೆ ಆ ಗುರುತು ಅಳಿಯುವುದಿಲ್ಲ. ಮಳೆಯಾದಾಗ ಬಂಡೆ ಜಾರುತ್ತದೆ.

ಲಾಲ್‌ಬಾಗ್‌ಗೆ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ (ಸಂರಕ್ಷಣೆ) ಅಧಿನಿಯಮದ ರಕ್ಷಣೆಯಿದೆ. ಎರಡು ಬಡಾವಣೆಗಳ ನಡುವೆ ಇಷ್ಟು ದೊಡ್ಡ ಬಯಲು ಉಳಿದು, ಅದರ ಮೂಲಕ ನಡೆದು ಹೋಗುವುದು ಇಂದಿಗೂ ಸಾಧ್ಯವಾಗಿರುವುದಕ್ಕೆ ಇಂತಹ ಕಾನೂನಿನ ಬಲವೂ ಒಂದು ಕಾರಣ. ಒಳಗೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಹೂ ಕೀಳುವಂತಿಲ್ಲ. ನಡೆಯಲು ಅನುಮತಿ ಬೇಡವಾದರೂ ಚಲನಚಿತ್ರ ಚಿತ್ರೀಕರಣಕ್ಕೆ ತೋಟಗಾರಿಕೆ ಇಲಾಖೆಯ ಪೂರ್ವಾನುಮತಿ ಕಡ್ಡಾಯ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭದಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಜನಸಂದಣಿ ವಿಪರೀತವಾಗಿರುವುದರಿಂದ, ಬರಿಯ ದಾಟುವಿಕೆಗಾಗಿ ಉದ್ಯಾನವನ್ನು ಬಳಸದಿರುವುದು ಒಳಿತು.

ಜಯನಗರ ಭಾಗ

ದಕ್ಷಿಣ ದ್ವಾರ ಚಿಕ್ಕದು. ಅಲ್ಲಿಂದ ಅಶೋಕ ಸ್ತಂಭ ಹತ್ತಿರವೇ ಇದೆ. 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಜಯನಗರ ಬಡಾವಣೆಗೆ ಚಾಲನೆ ನೀಡಿದ್ದರ ಗುರುತಾಗಿ ಈ ಸ್ತಂಭ ನಿಂತಿದೆ. ಇನ್ನೂ ನಡೆಯಬಯಸುವವರು ಮೊದಲನೆಯ ಬ್ಲಾಕಿನ ಮಾಧವನ್ ಉದ್ಯಾನದವರೆಗೆ ಮುಂದುವರಿಯಬಹುದು.

ದೂರು ಸಲ್ಲಿಸುವ ಬಗ್ಗೆ

ಕಾಲುದಾರಿಯಲ್ಲಿ ಕನಿಷ್ಠ 1.8 ಮೀಟರ್ ಅಗಲದಷ್ಟು ಜಾಗ ಅಡೆತಡೆಯಿಲ್ಲದೆ ಇರಬೇಕೆಂಬುದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ. ಸುರಕ್ಷಿತ ಕಾಲುದಾರಿಯು ಸಂವಿಧಾನದ 21ನೆಯ ಅನುಚ್ಛೇದದಡಿ ನಾಗರಿಕರ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಿನಲ್ಲಿ ತಿಳಿಸಿದೆ. ಆದ್ದರಿಂದ ಮುರಿದ ಚಪ್ಪಡಿ, ತೆರೆದ ಚರಂಡಿಗಳ ಬಗ್ಗೆ ದೂರು ಕೊಡಲು ನಾಗರಿಕರು ಹಿಂಜರಿಯಬೇಕಾಗಿಲ್ಲ. ಇವು ನಗರ ಪಾಲಿಕೆಗೆ ಸಂಬಂಧಿಸಿದವು. ಕಾಲುದಾರಿಯ ಮೇಲೆ ನಿಂತ ವಾಹನದ ದೂರು ಸಂಚಾರ ಪೊಲೀಸರಿಗೆ ಹೋಗಬೇಕು. ಉದ್ಯಾನದ ಗೋಡೆಯ ಒಳಗಿನ ದೀಪ, ಆಸನ, ಶೌಚಾಲಯದ ವಿಷಯ ತೋಟಗಾರಿಕೆ ಇಲಾಖೆಗೆ ಸೇರಿದ್ದು. ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದರೆ ಅದು ಕಚೇರಿಯಿಂದ ಕಚೇರಿಗೆ ವರ್ಗಾವಣೆಯಾಗುತ್ತ ಕಾಲ ಕಳೆಯುತ್ತದೆ, ಪ್ರತ್ಯೇಕವಾಗಿ ಬರೆಯಬೇಕು. ಅರ್ಜಿಯಲ್ಲಿ ರಸ್ತೆಯ ಹೆಸರು, ಎಡಬದಿಯೋ ಬಲಬದಿಯೋ ಎಂಬುದು, ಹತ್ತಿರದ ಗುರುತು, ದಿನಾಂಕ ಇರಬೇಕು. ಛಾಯಾಚಿತ್ರ ಲಗತ್ತಿಸಿದರೆ ಸ್ಥಳ ಪರಿಶೀಲನೆ ಸುಲಭವಾಗುತ್ತದೆ. ಅಪಘಾತ ಮುಂತಾದ ತುರ್ತು ಸಂದರ್ಭದಲ್ಲಿ ಅರ್ಜಿಯ ಮಾತಿಲ್ಲ, 112ಕ್ಕೆ ಕರೆ ಮಾಡಬೇಕು.

ಹಿಂದಿರುಗುವವರು ಸೌತ್ ಎಂಡ್ ವೃತ್ತದಲ್ಲಿ ನಮ್ಮ ಮೆಟ್ರೋ ಹಸಿರು ಮಾರ್ಗದ ರೈಲು ಹತ್ತಬಹುದು. ಮುಂದಿನ ನಿಲ್ದಾಣ ಲಾಲ್‌ಬಾಗ್, ಅದರ ನಂತರ ನ್ಯಾಷನಲ್ ಕಾಲೇಜು. ಗಾಂಧಿ ಬಜಾರಿಗೆ ಹೋಗುವವರು ನ್ಯಾಷನಲ್ ಕಾಲೇಜಿನಲ್ಲಿ ಇಳಿಯಬೇಕು.