ಇಗುವಾನಾದ ಮುನಿಸು

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯವರಿಗೆ ಉಡದ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಬಂಡೀಪುರದ ಕಾಡಂಚಿನಲ್ಲಿ, ಹುತ್ತದ ಮಗ್ಗುಲಲ್ಲಿ, ನಾಲಗೆ ಚಾಚುತ್ತ ಸಾಗುವ ಈ ಪ್ರಾಣಿಯ ಬಿಗಿಹಿಡಿತ ನಮ್ಮ ಮಾತಿನಲ್ಲಿಯೇ ನೆಲೆಸಿದೆ. ಅದರ ತೊಗಲನ್ನು ಖಂಜಿರಕ್ಕೆ ಬಿಗಿಯುತ್ತಿದ್ದುದನ್ನು ಸಂಗೀತಪ್ರಿಯರು ಬಲ್ಲರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದ ಉಡವನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಅಂಥದೊಂದು ಪ್ರಾಣಿ ಮನೆಯಲ್ಲಿರಬೇಕೆಂದು ಹಂಬಲಿಸುವವರು ಈಗ ಪರದೇಶದ ಹಸಿರು ಇಗುವಾನಾದತ್ತ ಕಣ್ಣು ಹಾಯಿಸುತ್ತಾರೆ.

ಇದು ಮಧ್ಯ ಅಮೆರಿಕ, ದಕ್ಷಿಣ ಅಮೆರಿಕಗಳ ಮರವಾಸಿ. ರೂಪದಲ್ಲಿ ಉಡವನ್ನು ನೆನಪಿಗೆ ತಂದರೂ ನಡೆಯಲ್ಲಿ ಬೇರೆ. ಉಡ ಮಾಂಸಾಹಾರಿ, ಇಗುವಾನಾ ಶುದ್ಧ ಸಸ್ಯಾಹಾರಿ. ಅಂಗಡಿಯಲ್ಲಿ ಗೇಣುದ್ದದ ಹಸಿರು ಮರಿಯಾಗಿ ಮಕ್ಕಳ ಮನಸ್ಸನ್ನು ಸೆಳೆಯುವ ಇದು, ಕೆಲವೇ ವರ್ಷಗಳಲ್ಲಿ ಬಾಲ ಸೇರಿ ಐದಡಿಗೂ ಮೀರಿ ಬೆಳೆಯಬಲ್ಲುದು. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಬಾಳುವುದೂ ಉಂಟು.

ಮುನಿಸಿನ ಭಾಷೆ

ಇಗುವಾನಾ ನಾಯಿಯಂತೆ ಯಜಮಾನನನ್ನು ಪ್ರೀತಿಸುವ ಪ್ರಾಣಿಯಲ್ಲ. ಅದು ಒಬ್ಬರಿಗೆ ಒಗ್ಗಿಕೊಳ್ಳುತ್ತದೆ, ಅಷ್ಟೆ. ಅದರ ಕೋಪದ ಬುಡದಲ್ಲಿ ಬಹುಮಟ್ಟಿಗೆ ಇರುವುದು ಅಂಜಿಕೆ. ಅದರ ನೆತ್ತಿಯ ಮೇಲೆ ಬೆಳಕು ನೆರಳುಗಳನ್ನು ಮಾತ್ರ ಗುರುತಿಸುವ ಮೂರನೆಯ ಕಣ್ಣೊಂದಿದೆ. ಮೇಲಿನಿಂದ ನೆರಳು ಬಿದ್ದರೆ ಹದ್ದು ಎರಗಿತೆಂದೇ ಅದರ ಭಾವನೆ. ಆದುದರಿಂದ ಮೇಲಿನಿಂದ ಕೈಯಿಳಿಸಿ ಹಿಡಿಯಲು ಹೋದವರು ಅದಕ್ಕೆ ಶತ್ರುಗಳಾಗಿಯೇ ಕಾಣುತ್ತಾರೆ.

ಬೇಲಿಯ ಓತಿಕೇತ ತಲೆಯಾಡಿಸುವುದನ್ನು ಎಲ್ಲರೂ ಕಂಡಿರುವೆವಷ್ಟೆ. ಇಗುವಾನಾ ನಿಧಾನವಾಗಿ ತಲೆಯಾಡಿಸಿದರೆ ಅದು ತನ್ನ ಇರವನ್ನು ಸಾರುವ ಬಗೆ. ಬಿರುಸಾಗಿ ಆಡಿಸಿದರೆ ಎಚ್ಚರಿಕೆ. ಗಂಗೆದೊಗಲನ್ನು ಇಳಿಬಿಟ್ಟು, ಮೈಯನ್ನು ಅಡ್ಡಲಾಗಿ ಚಪ್ಪಟೆ ಮಾಡಿ, ಬಾಲವನ್ನು ಬಿಲ್ಲಿನಂತೆ ಬಾಗಿಸಿ ನಿಂತರೆ ಚಾಟಿಯೇಟು ಸಿದ್ಧವೆಂದು ತಿಳಿಯತಕ್ಕದ್ದು. ಗರಗಸದಂಥ ಹಲ್ಲುಗಳ ಕಡಿತಕ್ಕೆ ಹೊಲಿಗೆ ಹಾಕಿಸಬೇಕಾಗಿ ಬರಬಹುದು. ನೇವರಿಸುವಾಗ ಅದು ಕಣ್ಣು ಮುಚ್ಚಿತೆಂದು ಹಿಗ್ಗಬೇಡಿ. ಬೇಡವೆಂಬುದನ್ನೂ ಅದು ಹಾಗೆಯೇ ಹೇಳುತ್ತದೆ.

ಬೆದೆಯ ಕಾಲದಲ್ಲಿ ಗಂಡು ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಆಗ ವರ್ಷಗಟ್ಟಲೆ ಸಾಕಿದವರ ಮೇಲೂ ಏರಿಬರುವುದುಂಟು. ಕನ್ನಡಿಯಲ್ಲಿನ ತನ್ನ ಬಿಂಬವೂ ಅದಕ್ಕೆ ವೈರಿಯೇ. ಆ ಕೆಲವು ವಾರಗಳ ಕಾಲ ಅದನ್ನು ಎತ್ತಿಕೊಳ್ಳದೆ ದೂರವಿರುವುದೇ ಮೇಲು. ಎರಡು ಗಂಡುಗಳನ್ನು ಒಂದೇ ಗೂಡಿನಲ್ಲಿ ಎಂದೂ ಇಡಕೂಡದು.

ಪಳಗಿಸುವ ಬಗೆ

ತಂದ ಮೊದಲೆರಡು ವಾರ ಮುಟ್ಟದೆ, ದಿನವೂ ಒಂದೇ ಹೊತ್ತಿಗೆ ಗೂಡಿನ ಬಳಿ ಸುಮ್ಮನೆ ಕುಳಿತಿರಬೇಕು. ಆಮೇಲೆ ಕೆಂಪು ದಾಸವಾಳವೊಂದನ್ನು ತಟ್ಟೆಯಲ್ಲಿಟ್ಟು ನೀಡಬೇಕು. ಎತ್ತಿಕೊಳ್ಳುವಾಗ ಪಕ್ಕದಿಂದ, ಕೆಳಮಟ್ಟದಲ್ಲಿ ಕೈ ಚಾಚಿ, ಎದೆ ಹೊಟ್ಟೆಗಳಿಗೆ ಅಂಗೈಯ ಆಸರೆ ಕೊಟ್ಟು, ನಾಲ್ಕು ಕಾಲುಗಳಿಗೂ ನೆಲೆ ಸಿಗುವಂತೆ ನೋಡಿಕೊಳ್ಳತಕ್ಕದ್ದು. ಬಾಲ ಹಿಡಿದೆಳೆದರೆ ಕಳಚಿ ಕೈಗೆ ಬಂದೀತು. ಕೊಸರಾಡಿದೊಡನೆ ಕೆಳಗಿಟ್ಟರೆ, ಕೊಸರಾಡಿದರೆ ಬಿಡುಗಡೆಯೆಂಬ ಪಾಠವನ್ನು ಕಲಿಸಿದಂತಾಗುತ್ತದೆ. ಒಂದು ಕ್ಷಣ ಶಾಂತವಾಗುವವರೆಗೆ ಕಾದು ಇಳಿಸುವುದು ಜಾಣತನ.

ಬಿಸಿಲೂ ಸೊಪ್ಪೂ

ತಣ್ಣೆತ್ತರದ ಪ್ರಾಣಿಯಾದುದರಿಂದ ಅದಕ್ಕೆ ಬಿಸಿಲು ಕಾಯಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದ ಜಾಗವೊಂದು ಬೇಕು. ಗುಂಡ್ಲುಪೇಟೆಯ ಮಾಗಿಯ ಇರುಳಿನಲ್ಲಿ ಗೂಡನ್ನು ಬೆಚ್ಚಗಿಡಬೇಕಾಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳಿಲ್ಲದೆ ಅದರ ಮೈಗೆ ಸುಣ್ಣದಂಶ ಹತ್ತದು. ಕಿಟಕಿಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ ನೇರ ಬಿಸಿಲನ್ನೋ ತಕ್ಕ ದೀಪವನ್ನೋ ಒದಗಿಸಬೇಕು. ಈ ಕೊರತೆಯಾದರೆ ಮೂಳೆ ಮೆತ್ತಗಾಗಿ, ದವಡೆ ಊದಿ, ಪ್ರಾಣಿ ಸಾಧುವಾಗುತ್ತದೆ. ಈ ಸಾಧುತನ ಪಳಗಿದ್ದರ ಗುರುತಲ್ಲ, ರೋಗದ ಗುರುತು. ಕೂಡಲೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಆಹಾರಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ. ರೇಷ್ಮೆಹುಳುವಿಗೆ ಹಾಕುವ ಹಿಪ್ಪುನೇರಳೆಯ ಸೊಪ್ಪು ಇದಕ್ಕೂ ಒಗ್ಗುತ್ತದೆ. ನುಗ್ಗೆಸೊಪ್ಪು, ಸಿಹಿಗುಂಬಳ, ದಾಸವಾಳಗಳೂ ಸರಿಯೆ. ಔಷಧಿ ಹೊಡೆದ ತೋಟದ ಸೊಪ್ಪು ಮಾತ್ರ ಕೂಡದು. ಪಾಲಕ್ ಸೊಪ್ಪು ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ ಅದು ಅಪರೂಪಕ್ಕಿರಲಿ. ಇಗುವಾನಾ ಸಾಲ್ಮೊನೆಲ್ಲಾ ರೋಗಾಣುಗಳನ್ನು ಹೊತ್ತಿರಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಅಡಿಗೆಮನೆಗೆ ಅದನ್ನು ಬಿಡಬಾರದು. ಐದು ವರ್ಷದೊಳಗಿನ ಕೂಸುಗಳಿರುವ ಮನೆಗೆ ಅದು ಬೇಡವೇ ಬೇಡ.

ಕಾಯಿದೆ, ಕಾಡು

2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯಿದೆಯೂ 2024ರ ನಿಯಮಗಳೂ ಇಂಥ ವಿದೇಶಿ ಪ್ರಾಣಿಯನ್ನು ಸಾಕುವವರು ಸರಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿವೆ. ಕಾಗದಪತ್ರವಿಲ್ಲದ ಮರಿಯನ್ನು ಕೊಳ್ಳುವುದು ತೊಂದರೆಯನ್ನು ಕೊಂಡಂತೆಯೇ.

ಬೇಸತ್ತ ಮೇಲೆ ಕಾಡಿಗೆ ಬಿಟ್ಟರಾಯಿತೆಂಬ ಯೋಚನೆ ಇನ್ನೂ ಅಪಾಯಕರ. ಅಮೆರಿಕದ ಫ್ಲಾರಿಡಾದಲ್ಲಿ ಸಾಕಿದವರು ಬಿಟ್ಟ ಇಗುವಾನಾಗಳೂ ಸೇರಿ ಸಂತತಿ ಬೆಳೆದು, ಇಂದು ತೋಟಗಳನ್ನು ತಿಂದು, ಕಾಲುವೆಯ ಏರಿಗಳನ್ನು ತೋಡಿ ಹಾಳುಗೆಡವುತ್ತಿವೆ. 2020ರ ಜನವರಿಯಲ್ಲಿ ಅಲ್ಲಿ ಚಳಿ ಹೆಚ್ಚಿದಾಗ, ಮರಗಟ್ಟಿದ ಇಗುವಾನಾಗಳು ಮರದಿಂದ ಉದುರಬಹುದೆಂದು ಹವಾಮಾನ ಇಲಾಖೆಯೇ ಜನರನ್ನು ಎಚ್ಚರಿಸಿತು. ಇತ್ತ ಬಂಡೀಪುರ, ಅತ್ತ ಬಿಳಿಗಿರಿರಂಗನ ಬೆಟ್ಟ. ಇವೆರಡರ ನಡುವೆ ಮನೆ ಮಾಡಿಕೊಂಡ ನಾವು ಈ ಮಾತನ್ನು ಹೆಚ್ಚಾಗಿ ನೆನಪಿಡಬೇಕು.

ಮಗು ಕೇಳಿತೆಂದು ಇಗುವಾನಾವನ್ನು ತರುವ ತಂದೆತಾಯಿಗಳು ಒಂದನ್ನು ಲೆಕ್ಕಹಾಕಲಿ: ಇಂದು ಆರು ವರ್ಷದ ಮಗು ಕಾಲೇಜು ಮುಗಿಸುವ ಹೊತ್ತಿಗೂ ಆ ಪ್ರಾಣಿ ಮನೆಯಲ್ಲಿರಬಹುದು. ಅಷ್ಟು ಕಾಲ ಅದರ ಮುನಿಸನ್ನು ಸಹಿಸುವ ತಾಳ್ಮೆಯಿದ್ದವರು ಸಾಕಲಿ. ಇಲ್ಲದವರು ಮಗುವಿನ ಕೈಹಿಡಿದು, ಬೇಲಿಯ ಓತಿಕೇತ ತಲೆಯಾಡಿಸುವುದನ್ನು ತೋರಿಸಿದರೆ ಸಾಕು.